ಇಸ್ತ್ರಿಪೆಟ್ಟಿಗೆಯ ಕೆಳಗಿನ ಬ್ಯಾಟರಿ

ಅವತ್ತು ಮಧ್ಯಾಹ್ನ ಟೈಲರಮ್ಮ ಅಂಗಿಯೊಂದಕ್ಕೆ ಇಸ್ತ್ರಿ ಹಾಕೋಣವೆಂದು ಮೇಜಿನ ಮೇಲಿದ್ದ ಇಸ್ತ್ರಿಪೆಟ್ಟಿಗೆ ಎತ್ತಿದಳು. ಅದರ ಕೆಳಗೆ ಗಂಡನ ಡ್ರೋನ್ ಬ್ಯಾಟರಿ ಹೊಟ್ಟೆ ಉಬ್ಬಿಸಿಕೊಂಡು ಕೂತಿತ್ತು. ಪಕ್ಕದಲ್ಲೇ ಗಿರಾಕಿಗಳ ಬಟ್ಟೆಯ ರಾಶಿ. ಮೇಜಿನ ಕೆಳಗೆ ಹಾಸಿದ ಹಾಸಿಗೆಯಲ್ಲಿ ಮಗಳು ಪುಟ್ಟಿ ನಿದ್ದೆ ಮಾಡುತ್ತಿದ್ದಳು.

“ಏನ್ರೀ ಇದು?”

ಗಂಡ ಮದುವೆಗಳ ವಿಡಿಯೋ ಮಾಡುವವನು. ಡ್ರೋನ್ ಹಾರಿಸುವುದರಲ್ಲಿ ಎತ್ತಿದ ಕೈ. ಅದರ ಬ್ಯಾಟರಿಯ ವಿಷಯಕ್ಕೆ ಬಂದರೆ ಮಾತ್ರ ಬರೀ ಉಡಾಫೆ. ಮರುದಿನ ವಿಮಾನ ಹತ್ತಿ ದೂರದ ಮದುವೆಯೊಂದಕ್ಕೆ ಹೋಗಬೇಕಿತ್ತು. ಸೂಟ್‌ಕೇಸು ತುಂಬುತ್ತಾ, ತಲೆ ಎತ್ತದೆ ಹೇಳಿದ:

“ಸ್ವಲ್ಪ ಉಬ್ಬಿತ್ತು ಕಣೇ. ಭಾರ ಇಟ್ರೆ ಕೂತ್ಕೊಳ್ಳುತ್ತೆ ಅಂತ ಇಟ್ಟೆ.”

“ಒತ್ತಿದ್ರೆ ಕೂತ್ಕೊಳ್ಳೋಕೆ ಅದೇನು ಅಂಗಿ ಕಾಲರ್ರಾ? ನಿನ್ನೆ ಬಟ್ಟೆ ರಾಶಿ ಮೇಲೆ ಚಾರ್ಜಿಗೆ ಹಾಕಿದ್ರಿ. ದೀಪ ಮಿಣುಕುತ್ತೆ, ನಿದ್ದೆ ಬರಲ್ಲ ಅಂತ ಅದರ ಮೇಲೊಂದು ಬಟ್ಟೆ ಮುಚ್ಚಿ ಮಲಗಿದ್ರಿ. ಇವತ್ತು ಇದು!”

“ಶುರುವಾಯ್ತು ನಿನ್ನ ರಾಗ. ಇಷ್ಟು ವರ್ಷದಲ್ಲಿ ಏನಾದ್ರೂ ಆಗಿದ್ಯಾ?”

ಟೈಲರಮ್ಮನಿಗೆ ಮೈಯೆಲ್ಲಾ ಉರಿದುಹೋಯಿತು. ಎಷ್ಟು ಸಲ ಹೇಳಿದರೂ ಈ ಮನುಷ್ಯನಿಗೆ ಅದೇ ಉತ್ತರ, ಅದೇ ನಗು.

ಅಷ್ಟರಲ್ಲಿ ಹೊಲಿಯಲು ಕೊಟ್ಟಿದ್ದ ಬಟ್ಟೆ ಒಯ್ಯಲು ಗಂಡನ ಅಕ್ಕ ಬಂದಳು. ಅವಳಿಗೆ ಅಗ್ನಿಶಾಮಕ ದಳದಲ್ಲಿ ಕೆಲಸ. ಒಳಗೆ ಕಾಲಿಟ್ಟವಳೇ ಬ್ಯಾಟರಿ ನೋಡಿದಳು.

“ಮೊದಲು ಮಗೂನ ಎತ್ಕೊಂಡು ಹೊರಗೆ ನಡಿ,” ಎಂದಳು ಟೈಲರಮ್ಮನಿಗೆ.

ಬ್ಯಾಟರಿ ಬಿಸಿಯಾಗಿಲ್ಲ, ಹೊಗೆಯೂ ಇಲ್ಲ ಎಂದು ನೋಡಿಕೊಂಡು, ಅದನ್ನು ಒತ್ತದೆ, ಅಲುಗಿಸದೆ, ಕಸ ಎತ್ತುವ ತಗಡಿನ ಮೇಲಿಟ್ಟುಕೊಂಡು ಅಂಗಳದ ಮೂಲೆಗೆ ಒಯ್ದಳು. ಅಲ್ಲೊಂದು ಕಬ್ಬಿಣದ ಬುಟ್ಟಿಯಲ್ಲಿ ಮರಳಿತ್ತು. ಅದರೊಳಗೆ ಇಟ್ಟು ದೂರ ಬಂದು ನಿಂತಳು. ಅವಳ ತಮ್ಮ ಸೂಟ್‌ಕೇಸು ಹಿಡಿದುಕೊಂಡೇ ಬಾಗಿಲಿಗೆ ಬಂದ.

“ಬಾಂಬೋ ಅನ್ನೋ ಹಾಗೆ ಆಡ್ತೀಯಲ್ಲಕ್ಕ!”

“ಬಾಯ್ಮುಚ್ಚು. ಉಳಿದ ಬ್ಯಾಟರಿ ಎಲ್ಲಿ?”

“ಇದರಲ್ಲೇ. ಅಂಗಿಗಳ ಮಧ್ಯೆ, ಮೆತ್ತಗೆ ಇರಲಿ ಅಂತ.”

“ವಿಮಾನದ ಹೊಟ್ಟೆಯೊಳಗೆ ಹೋಗೋ ಪೆಟ್ಟಿಗೇಲಾ? ಅಲ್ಲಿ ಹೊತ್ಕೊಂಡ್ರೆ ಯಾರು ಹೋಗಿ ಆರಿಸ್ತಾರೆ, ನಿಮ್ಮಪ್ಪನಾ?”

“ನಿಮ್ಮಪ್ಪನೂ ಅವರೇ ತಾನೇ,” ಎಂದು ಅವನು ನಗುವಷ್ಟರಲ್ಲಿ ಅಂಗಳದ ಮೂಲೆಯಿಂದ ಬುಸ್ಸೆಂಬ ಸದ್ದು ಬಂತು. ಮರಳಿನ ಬುಟ್ಟಿಯಿಂದ ಬಿಳಿ ಹೊಗೆ ಎದ್ದಿತು. ಮರುಕ್ಷಣ ಆಳೆತ್ತರದ ಬೆಂಕಿ.

“ಯಾರೂ ಹತ್ತಿರ ಹೋಗ್ಬೇಡಿ! ಆ ಹೊಗೆ ವಿಷ!” ಅಕ್ಕ ಎಲ್ಲರನ್ನೂ ಬೀದಿಗೆ ಅಟ್ಟಿ ತನ್ನ ಅಗ್ನಿಶಾಮಕ ಠಾಣೆಗೆ ಫೋನ್ ಮಾಡಿದಳು.

ದಳದವರು ಬಂದರು, ಬೆಂಕಿ ತಣ್ಣಗಾಯಿತು. ಟೈಲರಮ್ಮ ಮಾತ್ರ ತಣ್ಣಗಾಗಲಿಲ್ಲ. ಗಂಡನ ಕಡೆ ತಿರುಗಿದಳು.

“ಆ ಮೇಜಿನ ಕೆಳಗೆ ಯಾರು ಮಲಗಿದ್ರು, ಹೇಳ್ರಿ.”

ಅವನು ಸೂಟ್‌ಕೇಸಿನ ಹಿಡಿ ಸರಿಪಡಿಸತೊಡಗಿದ.

“ಹೇಳ್ರಿ ಅಂದೆ!”

“ಪುಟ್ಟಿ,” ಎಂದ. ಅಷ್ಟು ಹೇಳಿ ತೋಳಿನಿಂದ ಕಣ್ಣೊರೆಸಿಕೊಂಡ.

ಅಳು ಬಂದದ್ದಕ್ಕೆ ಅವಳೇನೂ ಕರಗಲಿಲ್ಲ. “ಅಕ್ಕ, ಇವರಿಗೆ ಇನ್ನೊಂದು ಸಲ ಬಿಡಿಸಿ ಹೇಳಿ. ನಾನು ಹೇಳಿದ್ರೆ ರಾಗ ಆಗುತ್ತೆ,” ಎಂದಳು.

ಅಕ್ಕ ಹೇಳಿದಳು. “ಹಾರಿಸಿ ತಂದ ತಕ್ಷಣ ಚಾರ್ಜಿಗೆ ಹಾಕ್ಬೇಡ, ತಣ್ಣಗಾಗ್ಲಿ. ಬರೀ ಕಲ್ಲಿನ ನೆಲದ ಮೇಲೆ ಇಡು, ಬಾಗಿಲಿಗೆ ಅಡ್ಡ ಬೇಡ. ಅದರದ್ದೇ ಚಾರ್ಜರ್ ಹಾಕು, ಎಚ್ಚರವಾಗಿದ್ದು ನೋಡ್ತಾ ಇರು. ಮಲಗೋದಾದ್ರೆ ಕಿತ್ತು ಮಲಗು. ಕೆಲಸ ಇಲ್ಲದ ದಿನ ಪೂರ್ತಿ ತುಂಬಿಸಿಡ್ಬೇಡ, ಅರ್ಧ ಸಾಕು. ಬಿಸಿಲಲ್ಲಿ ನಿಂತ ಕಾರಲ್ಲಂತೂ ಬಿಡ್ಲೇಬೇಡ. ಉಬ್ಬಿದ್ದು, ಬಿದ್ದು ಪೆಟ್ಟಾಗಿದ್ದು ಮತ್ತೆ ಬಳಸ್ಬೇಡ, ಕಸದ ಡಬ್ಬಿಗೂ ಹಾಕ್ಬೇಡ. ಹಳೇ ಬ್ಯಾಟರಿ ತಗೊಳ್ಳೋ ಕಡೆ ಫೋನ್ ಮಾಡಿ, ಹೇಗೆ ತರ್ಬೇಕು ಅಂತ ಕೇಳ್ಕೊಂಡು ಕೊಡು.”

“ವಿಮಾನಕ್ಕೆ?” ಅವನೇ ಕೇಳಿದ.

“ಕೈಚೀಲದಲ್ಲೇ ಒಯ್ಯಬೇಕು. ಲೋಹದ ತುದಿಗೆ ಟೇಪ್ ಅಂಟಿಸಿ, ಒಂದೊಂದನ್ನೂ ಬೇರೆ ಬೇರೆ ಚೀಲಕ್ಕೆ ಹಾಕು. ದೊಡ್ಡ ಬ್ಯಾಟರಿ ಇದ್ರೆ ವಿಮಾನ ಕಂಪನಿಯವರನ್ನ ಮೊದಲೇ ಕೇಳು.”

ಗಂಡ ಅಲ್ಲೇ ಬೀದಿಯಲ್ಲಿ ಕುಕ್ಕರಗಾಲಲ್ಲಿ ಕೂತು, ಸೂಟ್‌ಕೇಸು ಬಿಚ್ಚಿ, ಅಂಗಿಗಳ ನಡುವಿನಿಂದ ಬ್ಯಾಟರಿಗಳನ್ನು ಒಂದೊಂದಾಗಿ ತೆಗೆದ. ಪ್ರತಿಯೊಂದನ್ನೂ ತಿರುಗಿಸಿ ಉಬ್ಬಿದೆಯೇ ಎಂದು ನೋಡಿದ. ಟೈಲರಮ್ಮ ಅಂಟಿಸುವ ಟೇಪು ತಂದುಕೊಟ್ಟಳು.

ಇನ್ನು ನಿಮ್ಮ ಸರದಿ. ಡ್ರೋನು ಹಾರಿಸುವವರು ನಿಮ್ಮ ಮನೆಯಲ್ಲೂ ಇರಬಹುದು. “ಇಷ್ಟು ವರ್ಷದಲ್ಲಿ ಏನಾದ್ರೂ ಆಗಿದ್ಯಾ” ಎನ್ನುವವರಂತೂ ಇದ್ದೇ ಇರುತ್ತಾರೆ. ಅವರ ಬ್ಯಾಟರಿ ಈ ಹೊತ್ತಿನಲ್ಲಿ ಎಲ್ಲಿದೆ? ಸೋಫಾದ ಮೇಲೋ, ಹಾಸಿಗೆಯ ಪಕ್ಕದಲ್ಲೋ? ಹೊಗೆ ಕಂಡರೆ ಸಾಮಾನು ಎತ್ತಲು ನಿಲ್ಲಬೇಡಿ. ಜನರನ್ನು ಹೊರಗೆ ಕಳಿಸಿ, ಬಾಗಿಲೆಳೆದುಕೊಂಡು, ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿ. ಹೊಗೆ ಬರುವವರೆಗೆ ಕಾಯಲೂ ಬೇಡಿ. ಈ ಕಾಗದ ಕೆಳಗಿಟ್ಟು ಈಗಲೇ ಎದ್ದು ಹೋಗಿ, ಆ ಬ್ಯಾಟರಿಯ ಪಕ್ಕದಲ್ಲಿ ಯಾರು ಮಲಗಿದ್ದಾರೆ ನೋಡಿ.