ಹೆಬ್ಬೆರಳಿನಷ್ಟು ಹಳದಿ

ಇದು ನಿಂಬೆಹಣ್ಣಿನ ಹಳದಿಯಲ್ಲ, ಮೊಟ್ಟೆಯೊಳಗಿನ ಹಳದಿಯೂ ಅಲ್ಲ, ಬಿಸಿಲಲ್ಲಿ ಬಿದ್ದು ಬಿದ್ದು ಬಾಡಿದ ಕಾಗದದ ಹಳದಿಗೆ ಚೂರು ಹಸಿರು ಸೇರಿದ ಹಾಗೆ, ಮಾಯುತ್ತ ಬಂದ ಒಂದು — ಬೇಡ, ಅವನು ಆ ಯೋಚನೆಯನ್ನು ಅಲ್ಲಿಗೇ ಬಿಟ್ಟ, ಒದ್ದೆ ಬಟ್ಟೆಯ ಮೇಲೆ ಇನ್ನಷ್ಟು ಟೂತ್‌ಪೇಸ್ಟು ಹಿಂಡಿಕೊಂಡ, ಮಗುಚಿ ಹಾಕಿದ ಬಕೆಟ್ಟಿನ ಮೇಲೆ ಕೂತು ಮಗಳ ಕಾರಿನ ಎಡಗಡೆಯ ಹೆಡ್‌ಲೈಟಿಗೆ ಹಚ್ಚಿದ, ಸುತ್ತು ಸುತ್ತು, ಸಣ್ಣ ಸಣ್ಣ ಸುತ್ತು, ಒತ್ತಬಾರದು ಮಾವ, ಒತ್ತಿದ್ರೆ ಗೀರು ಬೀಳುತ್ತೆ, ಮೆತ್ತಗೆ ಸುತ್ತಿಸ್ಬೇಕು ಅಷ್ಟೆ, ಬೆಳಿಗ್ಗೆ ಅಳಿಯ ಫೋನಿನಲ್ಲಿ ಮತ್ತೊಮ್ಮೆ ಹೇಳಿಕೊಟ್ಟದ್ದು ಹಾಗೆ, ಅದೂ ಎಷ್ಟು ಮರ್ಯಾದೆಯಿಂದ, ತಿಂಡಿ ಆಯ್ತಾ ಮಾವ, ಮಂಡಿನೋವು ಹೇಗಿದೆ ಮಾವ, ಎಲ್ಲಾ ಕೇಳಿಯಾದ ಮೇಲೆ — ಇವತ್ತು ಸಂಜೆ ಹೊರಟುಬರ್ತಾಳಲ್ಲ, ಆ ಲೈಟು ಪೂರ್ತಿ ಮಬ್ಬಾಗಿದೆ, ಬೆಟ್ಟದ ತಿರುವಿನಲ್ಲಿ ಕತ್ತಲಾಗಿಬಿಟ್ರೆ ಅಂತ ನಂಗೆ ಇಲ್ಲಿ ಜೀವ ಹೊಡ್ಕೊಳ್ತಿದೆ, ಹೊಸದೇನೂ ಹಾಕಿಸ್ಬೇಡಿ, ಮನೇಲಿರೋ ಟೂತ್‌ಪೇಸ್ಟು, ಅಡುಗೆ ಸೋಡ, ವಿನಿಗರ್, ಇಷ್ಟು ಸಾಕು, ನಿಮ್ಮ ಕೈಯ ಹದ ಇನ್ಯಾರಿಗೆ ಬರುತ್ತೆ ಮಾವ. ಹೂಂ ಅಂದಿದ್ದ. ಹೊಗಳಿದ್ದಕ್ಕೆ ಒಳಗೊಳಗೇ ಹಿಗ್ಗಿಯೂ ಇದ್ದ, ಯಾಕೆ ಸುಳ್ಳು ಹೇಳಬೇಕು, ಬಸ್ಸು ಓಡಿಸಿ ಸವೆದ ಕೈಗೆ ಈಗ ಬರುವುದು ಇಂಥ ಚಿಲ್ಲರೆ ಕೆಲಸವೇ. ಸ್ಟಿಯರಿಂಗಿನ ಎದುರು ಕೂತಷ್ಟು ವರ್ಷವೂ ತಲೆಯ ಮೇಲೊಂದು ಬೋರ್ಡು, ಚಾಲಕರೊಂದಿಗೆ ಮಾತನಾಡಬೇಡಿ, ಬೆನ್ನ ಹಿಂದೆ ಜನ ಅತ್ತರು, ಬೈದಾಡಿದರು, ಮದುವೆ ಮಾತು ಮುಗಿಸಿದರು, ಎಲ್ಲವೂ ಕಿವಿಗೆ ಬಿತ್ತು, ಕಣ್ಣು ಮಾತ್ರ ರಸ್ತೆ ಬಿಡಲಿಲ್ಲ — ಪೇಸ್ಟು ಕೊಳಕಾಯಿತು, ನೋಡು, ಹಳದಿ ಬಿಡುತ್ತಿದೆ, ಬಿಳಿ ನೊರೆ ಹಳದಿ ಹಾಲಾಗಿ ಬಂಪರಿನ ಮೇಲೆ ಇಳಿಯುತ್ತಿದೆ, ಸುತ್ತಲೂ ಅಂಟಿಸಿದ ಟೇಪಿನ ಅಂಚಿನಲ್ಲಿ ನಿಂತು ಮತ್ತೆ ಇಳಿಯುತ್ತಿದೆ.

ವಿನಿಗರ್ ಇಲ್ಲದಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ಊಟವಾದ ಮೇಲೆ ಕೇಳಿದ್ದ, ವಿನಿಗರ್ ಎಲ್ಲಿಟ್ಟಿದೀಯೇ, ಮೇಲಿನ ಕಪಾಟಿನಲ್ಲಿದೆ ತಗೊಳ್ರೀ ಅನ್ನುತ್ತ ಹೆಂಡತಿ ಪಾತ್ರೆ ತೊಳೆಯುತ್ತಲೇ ಇದ್ದಳು, ಅಪ್ಪನ ಮಂಡಿಗೆ ಸ್ಟೂಲು ಹತ್ತೋ ಯೋಗ್ಯತೆ ಎಲ್ಲಿದೆ, ಬಿಡಮ್ಮ ನಾನೇ ಕೊಡ್ತೀನಿ ಅಂತ ಮಗಳು ನಕ್ಕು ತುದಿಗಾಲಲ್ಲಿ ನಿಂತು ಕೈಯೆತ್ತಿದಳು, ಅಂಗಿಯ ತೋಳು ಭುಜದ ಕಡೆಗೆ ಜಾರಿತು, ಮೊಣಕೈಯ ಮೇಲೆ, ಒಳಮೈಯಲ್ಲಿ, ಸಾಲಾಗಿ ನಾಲ್ಕು ಮಸುಕು ಕಲೆ, ಈಚೆ ಒಂದೇ ಒಂದು, ಅಗಲವಾದದ್ದು, ಹೆಬ್ಬೆರಳಿನಷ್ಟು ಹಳದಿ. ಬಾಟಲಿ ಅವನ ಕೈಗೆ ಬರುವಷ್ಟರಲ್ಲಿ ತೋಳು ಕೆಳಗಿಳಿದಿತ್ತು. ಏನಮ್ಮ ಅದು ಅಂತ ಅವನು ಕೇಳಿದನೋ, ಬರೀ ನೋಡಿದನೋ, ಈಗ ನೆನಪಾಗುತ್ತಿಲ್ಲ, ಅವಳೇ ಹೇಳಿದಳು, ಬಾಗಿಲು ತಾಗಿತಪ್ಪ, ನಮ್ಮನೆ ಬಾತ್‌ರೂಮಿನ ಬಾಗಿಲು ದರಿದ್ರದ್ದು, ಅವನು ಹೂಂ ಅಂದ. ಹೂಂ! ಹೂಂಗುಟ್ಟುವುದನ್ನೇ ಕಲಿತು ಬೆಳೆದ ಬಾಯಿ ಅದು, ದೀಪ ಹಚ್ಚಿದ ಮೇಲೆ ಅಜ್ಜ ಪದ್ಯ ಓದಲು ಕೂರುತ್ತಿದ್ದ, ಎದುರಿಗೆ ಇವನು, ಇಷ್ಟುದ್ದ ಹುಡುಗ, ಒಂದೊಂದು ಪದ್ಯ ಮುಗಿದಾಗಲೂ ಹೂಂ ಅನ್ನಬೇಕು, ಕೇಳುವವನು ಹೂಂ ಅಂದರೇನೇ ಕಥೆ ಮುಂದಕ್ಕೆ ಹೋಗೋದು ಮಗಾ, ನಿದ್ದೆ ಮಾಡ್ದೆ ಅಂದ್ರೆ ಕಥೆಯವರೆಲ್ಲ ಅಲ್ಲೇ ನಿಂತುಬಿಡ್ತಾರೆ ನೋಡು, ಬಾಣ ಬಿಟ್ಟವನ ಬಾಣ ಗಾಳೀಲೇ ನಿಂತಿರುತ್ತೆ. ದೇವರಾಣೆಗೂ ನಂಬಿದ್ದ. ತೂಕಡಿಸುತ್ತಲೇ ಹೂಂ ಅನ್ನುತ್ತಿದ್ದ, ಪಾಪ ಗಾಳಿಯಲ್ಲಿ ನಿಂತವರು ಕಾಯಬಾರದಲ್ಲ ಅಂತ. ತುಂಬಿದ ಸಭೆಯಲ್ಲಿ ಹೆಣ್ಣಿನ ಸೀರೆ ಎಳೆಯುವಾಗ ಬಲ್ಲವರೆಲ್ಲ ಬಾಯಿ ಹೊಲಿದುಕೊಂಡು ಕೂತ ಪದ್ಯ ಬಂದರೆ ಅಜ್ಜನ ರಾಗ ಇಳಿಯುತ್ತಿತ್ತು, ಸಾಲು ಮುಗಿಯುತ್ತಲೇ ಇರಲಿಲ್ಲ, ಅದಕ್ಕೂ ಇವನು ಹೂಂ ಅಂದಿದ್ದಾನೆ, ದೇವರೇ, ಅದಕ್ಕೂ. ಈಗ ಕೈ ಸುತ್ತುವುದೂ ಅದೇ ರಾಗಕ್ಕೆ, ಮೂರು ಸುತ್ತು ಬಿಗಿ, ಒಂದು ಸುತ್ತು ಸಡಿಲ, ಪದಗಳೆಲ್ಲ ಉದುರಿಹೋಗಿ ಲಯ ಒಂದೇ ಉಳಿದಿದೆ. ಎಡಗೈಯ ಹೆಬ್ಬೆರಳು ಯಾವಾಗಲೋ ಬಲತೋಳಿನ ಮೇಲೆ ಹೋಗಿ ಕೂತಿತ್ತು, ಒತ್ತಿ ನೋಡುತ್ತಿತ್ತು, ಇಷ್ಟು ಒತ್ತಿದರೆ ಏನೂ ಆಗುವುದಿಲ್ಲ, ಇನ್ನೂ ಒತ್ತಿದ, ಕೆಂಪಾಗಿ ಮರುಕ್ಷಣ ಮಾಯ, ಎಷ್ಟು ಒತ್ತಬೇಕು ಹಾಗಾದರೆ, ಎಷ್ಟು ಹೊತ್ತು ಹಿಡಿದಿರಬೇಕು — ಒತ್ತಬಾರದು ಮಾವ, ಒತ್ತಿದ್ರೆ ಗೀರು ಬೀಳುತ್ತೆ.

ನೀರು ಹೊಯ್ದು ಒರೆಸಿದಾಗ ಎಡಗಡೆಯದು ಬೆಳಗಿತು, ಒಳಗಿನ ಬಲ್ಬು, ಬೆಳ್ಳಿ ಬಟ್ಟಲಿನಂಥ ಅದರ ಮನೆ, ಎಲ್ಲಾ ಕಾಣಿಸಿತು, ಪಕ್ಕದಲ್ಲಿ ಬಲಗಡೆಯದು ಹಾಗೇ ಹೊಗೆ ಕವಿದುಕೊಂಡು ಕೂತಿತ್ತು, ಒಂದು ಕಣ್ಣು ತೆರೆದು ಒಂದು ಮುಚ್ಚಿದ ಹಾಗೆ ಕಾರು ಅವನನ್ನು ನೋಡುತ್ತಿತ್ತು. ಇಲ್ಲಿಗೇ ಬಿಟ್ಟರೆ? ಪೇಸ್ಟು ಮುಗಿಯಿತು ಅಂದರೆ? ಇವತ್ತು ಆಗಲಿಲ್ಲಮ್ಮ, ಬೆಳಿಗ್ಗೆ ಬೆಳಕಲ್ಲಿ ಹೋದರಾಯಿತು ಅಂದರೆ, ಒಂದು ರಾತ್ರಿ, ಒಂದು ರಾತ್ರಿಯಲ್ಲಿ ಏನಾದರೂ ಒಂದು ಮಾತು ಬಾಯಿಗೆ ಬಂದೀತು, ಆದರೆ ಅವಳು ಅಪ್ಪನ ಮಗಳಲ್ಲವೇ, ಒಂದು ಲೈಟಿದ್ರೆ ಸಾಕಪ್ಪ ಅಂತ ಹೊರಟೇಬಿಟ್ಟರೆ, ಮಬ್ಬು ಬೆಳಕಿನಲ್ಲಿ ಆ ಬೆಟ್ಟದ ತಿರುವು, ಕೆಳಗೆ ತಗ್ಗು — ಉಜ್ಜಿದರೆ ಹೋಗುತ್ತಾಳೆ, ಉಜ್ಜದಿದ್ದರೂ ಹೋಗುತ್ತಾಳೆ, ಹೋಗುವುದಾದರೆ ದಾರಿಯಾದರೂ ಕಾಣಲಿ, ಕೈ ಆಗಲೇ ಬಲಗಡೆಯ ದೀಪಕ್ಕೆ ಪೇಸ್ಟು ಹಚ್ಚುತ್ತಿತ್ತು. ಹೋದ ಸಲ ಬಂದಾಗಲೂ ಇವನೇ ಉಜ್ಜಿದ್ದ. ಆ ಬೇಸಿಗೆಯ ಧಗೆಯಲ್ಲಿ ಅವಳು ಮಣಿಕಟ್ಟಿನವರೆಗೆ ತೋಳಿದ್ದ ಅಂಗಿ ಹಾಕಿಕೊಂಡು ಓಡಾಡಿದ್ದಳು, ಇದೇನೇ ಇದು, ಸ್ವೆಟರ್ ಒಂದು ಬಾಕಿ ನಿಂಗೆ ಅಂತ ಅವನೇ ತಮಾಷೆ ಮಾಡಿದ್ದ, ಅವಳೂ ನಕ್ಕಿದ್ದಳು. ಈ ಹಳದಿಯೇ ಹೀಗೆ, ದೀಪದ ಮೇಲಿನ ಕಾಪಿನ ಪದರ ಬಿಸಿಲಿಗೆ ಸುಟ್ಟುಹೋಗಿದೆ, ಉಜ್ಜಿದರೆ ಹೋಗುತ್ತದೆ, ಸ್ವಲ್ಪ ದಿನ ಫಳಫಳ ಅನ್ನುತ್ತದೆ, ಮತ್ತೆ ಬರುತ್ತದೆ, ಮತ್ತೆ ಉಜ್ಜಬೇಕು, ಪ್ರತಿ ಸಲ ಉಜ್ಜಿದಾಗಲೂ ಒಂದಿಷ್ಟು ತೆಳ್ಳಗಾಗುತ್ತದೆ. ರೀ, ಕಿಟಕಿಯಿಂದ ಹೆಂಡತಿ, ಎಲ್ಲಿಗೆ ಬಂತು? ಇನ್ನೂ ಇದೆ. ನಿಧಾನಕ್ಕೇ ಆಗ್ಲಿ ಬಿಡಿ, ಏನವಸರ, ಅಂದಳು. ಅವನ ಕೈ ನಿಂತಿತು. ಮದುವೆಯಾದಂದಿನಿಂದ ಬೇಗ ಮುಗಿಸ್ರೀ, ಬೇಗ ಬನ್ರೀ, ಆಮೆ ಗತಿ ನಿಮ್ದು ಅಂತ ಬಡಿದುಕೊಳ್ಳುತ್ತ ಬಂದವಳು ಇವಳು. ಕಿಟಕಿಯ ಕಡೆ ನೋಡಿದ, ಅವಳು ನೋಡಲಿಲ್ಲ, ತೊಳೆದಿಟ್ಟ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು. ಹಾಗಾದರೆ ಇವಳಿಗೂ ಗೊತ್ತು. ಯಾವಾಗಿನಿಂದ? ಒಂದೇ ಮನೆಯೊಳಗೆ ಇಬ್ಬರೂ ಹೀಗೆ, ಒಬ್ಬರಿಗೊಬ್ಬರು ಹೂಂ ಅಂದುಕೊಂಡು — ಅಡುಗೆ ಸೋಡಕ್ಕೆ ವಿನಿಗರ್ ಹೊಯ್ದ, ಬುರ್ರನೆ ಉಕ್ಕಿ ಬಂತು, ಬಟ್ಟಲಿನ ಅಂಚಿನವರೆಗೆ ಬಂದು, ಅಷ್ಟೇ, ತಣ್ಣಗಾಯಿತು.

ಬ್ಯಾಗು ತಂದು ಹಿಂದಿನ ಸೀಟಿಗೆ ಹಾಕಿ ಮಗಳು ಅವನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು, ಅಯ್ಯೋ ಅಪ್ಪಾ, ಹೊಸಾ ಕಾರಿನ ಹಾಗೆ ಮಾಡಿಬಿಟ್ಟಿದೀಯ, ಬಿಸಿಲು ಇಳಿದು ಗೋಡೆಯ ನೆರಳು ಕಾರಿನ ಮೇಲೆ ಬಂದಿತ್ತು, ಸೋಪಿನ ವಾಸನೆ ಅವಳ ಕೈಯಿಂದ, ಚಿಕ್ಕಂದಿನಲ್ಲೂ ಹೀಗೇ ಬಂದು ಕೂರುತ್ತಿದ್ದಳು, ಡಿಪೋದ ಖಾಲಿ ಅಂಗಳದಲ್ಲಿ ಅವಳಿಗೆ ಗಾಡಿ ಕಲಿಸಿದ್ದು, ಕ್ಲಚ್ಚು ಮೆಲ್ಲಗೆ ಬಿಡು ಗುಬ್ಬಿ, ಎದುರಿಂದ ಗಾಡಿ ಬಂದರೆ ಲೈಟು ಡಿಮ್ ಮಾಡು, ಮೊದಲು ನೀನೇ ಮಾಡಬೇಕು, ಅವರು ಮಾಡ್ದಿದ್ರೆ ಅಪ್ಪಾ? ಮಾಡ್ದಿದ್ರೂ ನೀನು ಮಾಡು, ಅದು ದೊಡ್ಡತನ. ದೊಡ್ಡತನ! ಹೇಳಬೇಕು, ಈಗಲೇ ಹೇಳಬೇಕು, ಇರು ಅನ್ನಬೇಕು, ಎರಡಕ್ಷರ, ಇರು, ಬಾಯಿ ತೆರೆದ — ಆ ಬಾಗಿಲು, ಅಂದ, ನಾ ಬಂದು ಸರಿ ಮಾಡ್ಕೊಡ್ಲಾ ಗುಬ್ಬಿ? ಯಾವ ಬಾಗಿಲಪ್ಪಾ, ಅಂದಳು ಅವಳು, ಸಹಜವಾಗಿ, ನಗುತ್ತಲೇ. ಆಮೇಲೆ ನಗು ಮುಖದಲ್ಲೇ ನಿಂತಿತು. ಹೊಳೆಯುವ ದೀಪದ ಮೇಲೆ ಇಬ್ಬರ ಮುಖಗಳೂ ಉಬ್ಬಿಕೊಂಡು ಕಾಣುತ್ತಿದ್ದವು, ಇಬ್ಬರೂ ಅದನ್ನೇ ನೋಡಿದರು, ಒಬ್ಬರನ್ನೊಬ್ಬರು ನೋಡಲಿಲ್ಲ. ಓ ಅದಾ, ಅಂದಳು, ಅದು ಸರಿಹೋಯ್ತಪ್ಪ. ಎದ್ದು ನಿಂತವಳು ಹೋಗಲಿಲ್ಲ, ಕಾರಿನ ಮೇಲೆ ಕೈಯಿಟ್ಟು ಇನ್ನೂ ನಿಂತೇ ಇದ್ದಳು, ಅವಳ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿ ನಿಂತಿತು, ಮತ್ತೆ ಗುಂಯ್‌ಗುಟ್ಟಿತು, ಅಪ್ಪಾ, ಅಂದಳು. ಅವನು ತಲೆಯೆತ್ತಿದ. ಅವಳು ಏನನ್ನೋ ಕೇಳಲು ಬಾಯಿ ತೆರೆದು, ಅದನ್ನು ಬಿಟ್ಟು, ಬೇರೊಂದನ್ನು ಕೇಳಿದಳು, ಆಯ್ತಾ ಅಪ್ಪಾ? ಹೂಂ ಅನ್ನದಿದ್ದರೆ ಸಾಕು, ಕಥೆ ಮುಂದಕ್ಕೆ ಹೋಗುವುದಿಲ್ಲ, ಬಾಣ ಗಾಳಿಯಲ್ಲೇ ನಿಲ್ಲುತ್ತದೆ, ಅವನಿಗೆ ಗೊತ್ತಿತ್ತು, ತುಟಿ ಬಿಗಿದುಕೊಂಡ, ಮೂಗಿನಿಂದಲೇ ಬಂತು ಅದು, ತಾನಾಗಿ, ಹೂಂ.

ಹೆಂಡತಿ ಬಾಗಿಲಿಗೆ ಬಂದಳು, ತಲುಪಿದ ತಕ್ಷಣ ಫೋನ್ ಮಾಡು, ಆಯ್ತಮ್ಮ, ನೀರು ಇಟ್ಕೊಂಡ್ಯಾ, ಇಟ್ಕೊಂಡೆ, ಕಾರು ಗುರ್ರೆಂದಿತು, ಅವನು ಬಟ್ಟೆ ಹಿಡಿದುಕೊಂಡು ಮುಂದೆಯೇ ನಿಂತಿದ್ದ, ಪಕ್ಕಕ್ಕೆ ಸರಿಯಬೇಕು, ಸರಿಯಲಿಲ್ಲ, ಸರಿಯಬೇಕು ಅನ್ನುವುದು ಕಾಲಿಗೆ ಮುಟ್ಟಲಿಲ್ಲ, ಅಷ್ಟರಲ್ಲಿ ಎರಡು ದೀಪವೂ ಒಟ್ಟಿಗೆ ಹತ್ತಿದವು, ಅಬ್ಬ, ಎಂಥ ಬೆಳಕು, ಅವನೇ ಉಜ್ಜಿ ಕೊಟ್ಟ ಬೆಳಕು ಅವನದೇ ಮುಖಕ್ಕೆ ಹೊಡೆಯಿತು, ಗಾಜಿನಾಚೆ ಅವಳು ಅಳುತ್ತಿದ್ದಾಳೋ ಕೈ ಬೀಸುತ್ತಿದ್ದಾಳೋ ಏನೂ ಕಾಣಲಿಲ್ಲ, ಬರೀ ಬಿಳಿ, ಅವನು ಕಣ್ಣಿಗೆ ಕೈ ಅಡ್ಡ ಹಿಡಿದ, ಅವಳು ಡಿಮ್ ಮಾಡಿದಳು, ಮೊದಲು ಅವಳೇ, ಕಲಿಸಿದ ಹಾಗೆ, ಅವನ ಕಾಲು ಸರಿಯಿತು, ಚಕ್ರ ಒದ್ದೆ ನೆಲದ ಮೇಲೆ ಹಳದಿ ನೀರು ತುಳಿದುಕೊಂಡು ಹೋಯಿತು. ರೀ, ಒಳಗೆ ಬನ್ನಿ, ಅಂದಳು ಹೆಂಡತಿ. ಕಣ್ಣು ಮುಚ್ಚಿದ, ಬಿಳಿ ಆರುತ್ತ ಆರುತ್ತ ನಡುವೆ ಒಂದು ಕಲೆ ಉಳಿಯಿತು, ಕಣ್ಣು ತೆರೆದ, ಗೇಟಿನ ಮೇಲೆ ಅದೇ, ಗೋಡೆಯ ಮೇಲೆ, ಹೆಂಡತಿಯ ಮುಖದ ಮೇಲೆ, ಬಟ್ಟೆಯಿಂದ ಕಣ್ಣು ಉಜ್ಜಿದ, ಮೆತ್ತಗೆ, ಆಮೇಲೆ ಒತ್ತಿ, ತನ್ನ ಅಂಗೈ ನೋಡಿಕೊಂಡ, ಅಲ್ಲಿಯೂ, ಅಗಲವಾದದ್ದು, ಒಂದೇ ಒಂದು, ಹೆಬ್ಬೆರಳಿನಷ್ಟು —