ಡ್ರೈವರ್ ತಂದಾಕಿ

ಕಾಂದಿವಲಿಯ ನೇತ್ರಾ ಹೊಲಿಗೆ ಮೇಜಿಗೆಂದು ಕೈಯಾರೆ ಮಾಡಿದ ದೀಪದ ಎಲ್‌ಇಡಿ ಎರಡೇ ದಿನಕ್ಕೆ ಸುಟ್ಟುಹೋಯಿತು. ಅದಕ್ಕೆ ಕರೆಂಟು ಅಳೆದು ಕೊಡಬೇಕಾದ ಡ್ರೈವರನ್ನು ಹಿಡಿದು ಅವಳು ಗಂಡ ಸಚಿನನೊಂದಿಗೆ ಅದನ್ನು ಕೊಂಡಿದ್ದ ಅಂಗಡಿಗೆ ಹೋದಳು.

ವಿಜಯಪುರದ ಕಡೆಯಿಂದ ಬಂದಿದ್ದ ಅಂಗಡಿಯವನು ಸಚಿನನಿಗೆ, "ಅಕ್ಕಾರು ವೈರ್ ತಪ್ಪು ಜೋಡಿಸ್ಯಾರ, ನೀವರ ತಿಳಿಸಿ ಹೇಳ್ರಿ," ಎಂದ.

"ನನಗೇನ್ ಗೊತ್ರಿ? ದೀಪ ಮಾಡಿದಾಕಿ ಅಕಿ," ಎಂದ ಸಚಿನ.

ನೇತ್ರಾಳಿಗೆ ಮೈಯೆಲ್ಲ ಉರಿಯಿತು. ಬ್ಯಾಗಿನಿಂದ ಮೀಟರನ್ನೂ ಇನ್ನೊಂದು ಎಲ್‌ಇಡಿಯನ್ನೂ ತೆಗೆದು ಕೌಂಟರ್ ಮೇಲೆಯೇ ಡ್ರೈವರಿಗೆ ಜೋಡಿಸಿದಳು.

"ಡಬ್ಬಿ ಮ್ಯಾಲೆ ಏಳ್ನೂರು ಮಿಲಿಆಂಪ್ ಅಂತ ಐತಿ. ಇಲ್ಲಿ ಸಾವಿರದ ಇನ್ನೂರು ಹೊಂಟೈತಿ. ನನ್ನ ಮಾರಿ ನೋಡಿ ಹೇಳ್ರಿ, ತಪ್ಪು ಯಾರ್ದು?"

ಅವನು ಬೇರೆ ಡ್ರೈವರ್ ಕೊಟ್ಟ. ಅವಳು ಅದನ್ನೂ ಅಳೆದೇ ತೆಗೆದುಕೊಂಡಳು.

ಬದಲಿ ರಸೀದಿ ಬರೆಯುತ್ತ ಅವನು ಸಚಿನನ ಹೆಸರು ಕೇಳಿದ. ನೇತ್ರಾ ಪೆನ್ನು ಕಸಿದುಕೊಂಡು ತನ್ನ ಹೆಸರನ್ನು ತಾನೇ ಬರೆದಳು.