ಗೋಡೆ ಕೆಡವಿದ ಮೇಲೆ

ಸಿಂದಗಿಯ ಆಲಮೇಲ ರಸ್ತೆಯಲ್ಲಿ ಒಂದೇ ಗೋಡೆಗೆ ಬೆನ್ನು ಹಚ್ಚಿಕೊಂಡು ಎರಡು ತೊಗರಿಬೇಳೆ ಮಿಲ್ಲುಗಳಿದ್ದವು. ಒಂದು ವಸುಧಾಳ ತಂದೆಯದು, ಇನ್ನೊಂದು ಬಸಂತರಾಯರದು. ಯಜಮಾನರಿಬ್ಬರ ನಡುವೆ ಹನ್ನೊಂದು ವರ್ಷ ಮಾತಿರಲಿಲ್ಲ. ಕೆಲಸದವರು ಯಾರಾದರೂ ಗೋಡೆ ದಾಟಿದರೆ ಮನೆಗೆ ಕಳಿಸುವುದೆಂದು ಎರಡೂ ಕಡೆ ಕಟ್ಟಪ್ಪಣೆಯಿತ್ತು.

ತಂದೆ ತೀರಿಕೊಂಡ ಮೇಲೆ ಮಿಲ್ಲು ವಸುಧಾಳ ಕೈಗೆ ಬಂತು. ಎಂ.ಕಾಂ. ಪರೀಕ್ಷೆಯಲ್ಲಿ ಉದ್ಯಮಗಳ ವಿಲೀನದ ವಿಷಯಕ್ಕೆ ಎಲ್ಲರಿಗಿಂತ ಹೆಚ್ಚು ಅಂಕ ತೆಗೆದವಳು ಅವಳು. ಬಸಂತರಾಯರ ಮನೆಗೆ ನಾಲ್ಕು ಸಲ ಎಡತಾಕಿ, ಅವರ ಹಟ ಕರಗಿಸಿ, ಎರಡೂ ಮಿಲ್ಲುಗಳನ್ನು ಒಂದು ಮಾಡಿದಳು. ಗೋಡೆ ಕೆಡವಿಸಿದ ದಿನ ಪೇಢೆ ಹಂಚಿದಳು. ಹೆಮ್ಮೆಪಡಲಿ ಬಿಡಿ, ಓದಿದ್ದನ್ನು ಮಾಡಿ ತೋರಿಸಿದವರು ಎಷ್ಟು ಜನ ಸಿಕ್ಕಾರು?

ಪುಸ್ತಕದ ಪ್ರಕಾರ ಮುಂದಿನ ಹೆಜ್ಜೆ, ಒಂದೇ ಕೆಲಸಕ್ಕೆ ಇಬ್ಬರಿದ್ದರೆ ಒಬ್ಬರನ್ನು ಬಿಡುವುದು. ಯಂತ್ರ ರಿಪೇರಿ ಮಾಡುವ ಫಿಟ್ಟರುಗಳು ಇಬ್ಬರಿದ್ದರು. ತನ್ನ ಮಿಲ್ಲಿನ ಪರಶುವನ್ನು ಉಳಿಸಿಕೊಂಡು ಬಸಂತರಾಯರ ಮಿಲ್ಲಿನ ಅಮೀನುದ್ದೀನನನ್ನು ಬಿಡಿಸಿದಳು. ಯಾರನ್ನೂ ಏನೂ ಕೇಳಲಿಲ್ಲ.

ಅದಾದ ಎಂಟನೇ ದಿನ, ಮೊದಲ ದೊಡ್ಡ ಆರ್ಡರಿನ ಬೇಳೆ ಅರ್ಧ ಆಗಿರುವಾಗ, ಅವಳದೇ ಮಿಲ್ಲಿನ ಸಿಪ್ಪೆ ಸುಲಿಯುವ ರೋಲರ್ ನಿಂತಿತು. ಮೂರು ದಿನದಲ್ಲಿ ಮಾಲು ಹೋಗದಿದ್ದರೆ ಆರ್ಡರೇ ಕೈತಪ್ಪುತ್ತಿತ್ತು. ಪರಶು ಕೈಕಟ್ಟಿ ನಿಂತಿದ್ದ.

"ರೋಲರ್ ಕೆಲಸ ನನಗ ಬರೂದಿಲ್ರಿ ಅಕ್ಕಾರ."

"ಮತ್ತ ಇಷ್ಟು ವರ್ಷ ಯಾರು ಮಾಡ್ತಿದ್ರೋ?"

"ಅಮೀನುದ್ದೀನ ಚಾಚಾ. ಅವರ ಮಿಲ್ಲಿನ ಜರಡಿ, ಮೋಟಾರು ನಾ ನೋಡ್ತಿದ್ದೆ. ಊಟದ ಹೊತ್ತಿನಾಗ ಗೋಡಿ ಜಿಗೀತಿದ್ವಿರಿ."

"ಮೊದ್ಲ ಹೇಳಾಕ ಏನಾಗಿತ್ತು?"

"ಕೆಲಸ ಹೋಗ್ತೈತಿ ಅಂತ ಆಗ ಅಂಜಿದ್ದೆರಿ."

ಈಗ ಅವನ ಮುಖದಲ್ಲಿ ಅಂಜಿಕೆಯೇನೂ ಕಾಣಲಿಲ್ಲ. ವಸುಧಾಳಿಗೆ ನಾಚಿಕೆಯಾಯಿತು. ತಾನು ಪೇಢೆ ಹಂಚಿ ಮೆರೆದ ಕೆಲಸವನ್ನು ಇವರಿಬ್ಬರು ಹನ್ನೊಂದು ವರ್ಷದಿಂದ ಸದ್ದಿಲ್ಲದೆ ಮಾಡಿಕೊಂಡು ಬಂದಿದ್ದರು. ಅವಳು ತಾನೇ ಅಮೀನುದ್ದೀನನ ಮನೆಗೆ ಹೋದಳು. ಅವನು ಕಟ್ಟೆಯ ಮೇಲೆ ಕೂತು ನಟ್ಟು ಬಿಚ್ಚುವ ಪಾನಾಗಳನ್ನು ಚೀಲಕ್ಕೆ ತುಂಬುತ್ತಿದ್ದ.

"ನನ್ನದು ತಪ್ಪಾತು ಕಾಕಾ. ವಾಪಸ್ ಬರ್ರಿ."

"ಮೋರಟಗಿ ಹೊಸ ಮಿಲ್ಲಿನವ್ರಿಗೆ ಮಾತು ಕೊಟ್ಟೇನ್ರಿ. ನಿಮ್ಮ ರೋಲರ್ ಇವತ್ತ ಮಾಡಿಕೊಡ್ತೇನಿ, ನಡೀರಿ."

"ಹಂಗಾರ ಪರಶುಗ ಆ ಕೆಲಸ ಕಲಿಸಿ ಹೋಗ್ರಿ."

ಅಮೀನುದ್ದೀನ ಚೀಲ ಹೆಗಲಿಗೇರಿಸಿದ.

"ಅವಗ ಕಲಿಸಿ ನಿಮಗೇನು ಉಪಯೋಗರಿ? ನಮ್ಮಿಬ್ರನ್ನೂ ಕೆಲಸಕ್ಕ ತಗೊಂಡ್ರ ಅಷ್ಟ ಬರ್ತೇನಿ ಅಂತ ಅವ್ರಿಗೆ ಹೇಳಿದ್ದೆ. ಸೋಮವಾರದಿಂದ ಅವನೂ ನನ್ನ ಜೋಡಿನ ಬರ್ತಾನ್ರಿ."